ಏರಿದ ಬೆಲೆ, ನಿಂತ ಬೆಲೆ



ಮದುವೆಮನೆಯ ಊಟದ ಪಂಕ್ತಿಯಿರಲಿ, ಬೆಳಗಿನ ವಾಕಿಂಗ್ ಇರಲಿ, ಬೆಂಗಳೂರಿನಲ್ಲಿ ನಾಲ್ಕು ಜನ ಸೇರಿದ ಕಡೆ ಈ ಮಾತು ಬಂದೇ ಬರುತ್ತದೆ: "ಇಪ್ಪತ್ತು ವರ್ಷದ ಹಿಂದೆ ಹತ್ತು ಲಕ್ಷಕ್ಕೆ ತಗೊಂಡಿದ್ದ ಸೈಟು ಕಣ್ರೀ, ಈಗ ಕೋಟಿ ರೂಪಾಯಿ." ಈಚೆಗೆ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಅದನ್ನು ಕೇಳಿಸಿಕೊಂಡು ಅದೇ ರಾತ್ರಿ ಮನೆಯಲ್ಲಿ ಸೈಟಿನ ಪ್ರಸ್ತಾಪ ಎತ್ತುತ್ತಾನೆ. ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಬಹಳ ಕಾಲ ಕೂತಿದ್ದ ನಾನು ಇಂಥ ಎಷ್ಟೋ ಹುಡುಗ ಹುಡುಗಿಯರನ್ನು ಮೇಜಿನಾಚೆ ನೋಡಿದ್ದೇನೆ. ಮೊದಲ ಸಲ ಆಸ್ತಿಗೆ ದುಡ್ಡು ಹಾಕುವ ಅವರ ಮುಖದಲ್ಲಿ ಸಂತೋಷವೂ ಅವಸರವೂ ಒಟ್ಟಿಗೇ ಇರುತ್ತಿದ್ದವು. ಅರ್ಜಿ ತುಂಬಿಸುವ ಗಡಿಬಿಡಿಯಲ್ಲಿ ಅವರ ಜೊತೆ ನಿಧಾನವಾಗಿ ಮಾತಾಡಲು ಬಿಡುವಿರುತ್ತಿರಲಿಲ್ಲ. ಆ ಮಾತುಗಳನ್ನು ಇವತ್ತು ಆಡುತ್ತೇನೆ.

ಮೊದಲು ಆ ಕೋಟಿ ರೂಪಾಯಿಯ ಲೆಕ್ಕ ನೋಡೋಣ. ಇಪ್ಪತ್ತು ವರ್ಷದಲ್ಲಿ ಹತ್ತು ಪಟ್ಟು ಎಂದರೆ ವರ್ಷಕ್ಕೆ ಶೇಕಡಾ 12ರ ಚಕ್ರಬಡ್ಡಿಯಷ್ಟು. ಅದೇ ಹತ್ತು ಪಟ್ಟಾಗಲು ಮೂವತ್ತು ವರ್ಷ ಹಿಡಿದಿದ್ದರೆ ಶೇಕಡಾ 8 ಮಾತ್ರ. ಹನ್ನೆರಡು ಒಳ್ಳೆಯ ಬೆಳವಣಿಗೆ, ಎಂಟೂ ಕೆಟ್ಟದ್ದಲ್ಲ. ಆದರೆ "ಹತ್ತು ಪಟ್ಟು" ಎಂದಾಗ ಅರಳುವ ಕಣ್ಣು "ಶೇಕಡಾ ಎಂಟು" ಎಂದಾಗ ಅರಳುವುದಿಲ್ಲ. ಮನಸ್ಸಿನಲ್ಲೇ ಮಾಡಬಹುದಾದ ಒಂದು ಲೆಕ್ಕವಿದೆ. ಬೆಲೆ ಎಷ್ಟು ವರ್ಷದಲ್ಲಿ ದುಪ್ಪಟ್ಟಾಯಿತು ಎಂದು ಕೇಳಿ, 72ನ್ನು ಆ ವರ್ಷಗಳಿಂದ ಭಾಗಿಸಿ. ಎಂಟು ವರ್ಷ ಹಿಡಿದಿದ್ದರೆ ವರ್ಷಕ್ಕೆ ಶೇಕಡಾ 9, ಹನ್ನೆರಡು ವರ್ಷವಾದರೆ ಶೇಕಡಾ 6. ಆ ಆರರಲ್ಲಿ ನೋಂದಣಿ ಖರ್ಚು, ವರ್ಷವರ್ಷದ ಕಂದಾಯ, ಕಾಂಪೌಂಡು ಹಾಕಿಸಿದ್ದು, ಬ್ರೋಕರ್ ಕಮಿಷನ್ನು, ಜೊತೆಗೆ ಅಕ್ಕಿ ಬೇಳೆಯಿಂದ ಶಾಲೆಯ ಫೀಜಿನವರೆಗೆ ಎಲ್ಲದರ ಬೆಲೆಯೇರಿಕೆ, ಇವೆಲ್ಲ ಕಳೆದ ಮೇಲೆ ಏನು ಉಳಿದೀತು, ನೀವೇ ನೋಡಿ.

ಇನ್ನೊಂದು ವಿಷಯ. ಕೋಟಿಯ ಮಾತನ್ನು ಗೆದ್ದವರೆಲ್ಲ ಹೇಳಿಕೊಳ್ಳುತ್ತಾರೆ. ಖಾತೆಯಾಗದ ರೆವಿನ್ಯೂ ಸೈಟಿನಲ್ಲಿ ದುಡ್ಡು ಸಿಕ್ಕಿಬಿದ್ದವರು, ಹತ್ತು ವರ್ಷ ಇಟ್ಟುಕೊಂಡು ಕೊಂಡ ಬೆಲೆಗೇ ಮಾರಿದವರು ಊಟದ ಪಂಕ್ತಿಯಲ್ಲಿ ಸುಮ್ಮನೆ ಕೂತಿರುತ್ತಾರೆ. ಹೊಸಬರ ಕಿವಿಗೆ ಗೆದ್ದವರ ಮಾತಷ್ಟೇ ಬೀಳುತ್ತದೆ.

ಆಸ್ತಿಯ ಬೆಲೆ ಬಹಳ ದೀರ್ಘ ಕಾಲದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ನೆದರ್ಲೆಂಡ್ಸಿನ ಒಂದು ಅಧ್ಯಯನವಿದೆ. ಆಮ್‌ಸ್ಟರ್‌ಡಾಮ್ ನಗರದ ಹೆರೆನ್‌ಗ್ರಾಖ್ಟ್ ಎಂಬ ಕಾಲುವೆಯ ದಂಡೆಯಲ್ಲಿ ಹದಿನೇಳನೆಯ ಶತಮಾನದಿಂದ ಶ್ರೀಮಂತರ ಮನೆಗಳಿವೆ. ಪೀಟ್ ಐಖ್‌ಹೋಲ್ಟ್ಸ್ ಎಂಬ ಅರ್ಥಶಾಸ್ತ್ರಜ್ಞ ಆ ಮನೆಗಳ 1628ರಿಂದ 1973ರವರೆಗಿನ ಮಾರಾಟದ ದಾಖಲೆಗಳನ್ನು ಜೋಡಿಸಿ ನೋಡಿದರು. ಬೆಲೆಯೇರಿಕೆಯನ್ನು ಕಳೆದ ಮೇಲೆ, 345 ವರ್ಷಗಳಲ್ಲಿ ಆ ಮನೆಗಳ ನಿಜವಾದ ಮೌಲ್ಯ ಹೆಚ್ಚೂಕಡಿಮೆ ಎರಡು ಪಟ್ಟಾಗಿತ್ತು, ಅಷ್ಟೆ. ನಡುವೆ ಯುದ್ಧ, ಪ್ಲೇಗು, ವ್ಯಾಪಾರದ ಕುಸಿತ ಬಂದಾಗೆಲ್ಲ ಅದು ಅರ್ಧಕ್ಕೆ ಇಳಿದದ್ದೂ ಉಂಟು, ಮತ್ತೆ ಏರಿದ್ದೂ ಉಂಟು. ಜಪಾನಿನಲ್ಲಿ ದೊಡ್ಡ ನಗರಗಳ ನೆಲದ ಬೆಲೆ 1991ರಲ್ಲಿ ತುದಿ ಮುಟ್ಟಿ, ಅಲ್ಲಿಂದ ಸುಮಾರು ಹದಿನೈದು ವರ್ಷ ಇಳಿಯುತ್ತಲೇ ಹೋಯಿತು. "ನೆಲವನ್ನು ಹೊಸದಾಗಿ ಹುಟ್ಟಿಸಲಾಗದು, ಆದ್ದರಿಂದ ಅದರ ಬೆಲೆ ಇಳಿಯಲಾರದು" ಎಂದು ಅಲ್ಲಿಯೂ ಜನ ನಂಬಿದ್ದರು.

ಹಾಗಾದರೆ ಬೆಂಗಳೂರಿನ ನೆಲಕ್ಕೆ ಇಷ್ಟು ಬೆಲೆ ಎಲ್ಲಿಂದ ಬಂತು? ಜನರಿಂದ, ಅವರ ಕೆಲಸದಿಂದ. 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಹೊರಗೆ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಸ್ವಾತಂತ್ರ್ಯದ ಹೊಸದರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಸಾರ್ವಜನಿಕ ರಂಗದ ಕಾರ್ಖಾನೆಗಳು ಬಂದವು, ತೊಂಬತ್ತರ ದಶಕದಿಂದ ಸಾಫ್ಟ್‌ವೇರ್ ಬಂತು. ಪ್ರತಿ ಸಲವೂ ಸಂಬಳ ತರುವ ಹೊಸ ಜನ ಬಂದರು, ಅವರಿಗೆ ಮನೆ ಬೇಕಾಯಿತು. ಕೋಲಾರದ ಚಿನ್ನದ ಗಣಿಯ ಊರನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಊರು ಅದು. 2001ರಲ್ಲಿ ಗಣಿ ಮುಚ್ಚಿತು. ಇವತ್ತಿಗೂ ಅಲ್ಲಿನವರು ಬೆಳಕು ಹರಿಯುವ ಮೊದಲೇ ರೈಲು ಹತ್ತಿ ಕೆಲಸಕ್ಕೆ ಬೆಂಗಳೂರಿಗೆ ಬರುತ್ತಾರೆ. ನೆಲ ಅಷ್ಟೇ ಇದೆ, ಹವೆಯೂ ಚೆನ್ನಾಗಿದೆ. ಕೆಲಸ ಹೋದ ಊರಿನಲ್ಲಿ ಮನೆ ಕೊಳ್ಳಲು ಹೊರಗಿನವರು ಸಾಲುಗಟ್ಟಿ ಬರುವುದಿಲ್ಲ.

ನೆಲ ಬೇರೆ, ಕಟ್ಟಡ ಬೇರೆ ಎಂಬುದನ್ನೂ ಹೊಸಬರು ಬೇಗ ತಿಳಿಯಬೇಕು. ಏರುವುದು ನೆಲದ ಬೆಲೆ. ಕಟ್ಟಡ ಮೊದಲ ದಿನದಿಂದಲೇ ಹಳೆಯದಾಗುತ್ತದೆ. ಮೌಲ್ಯಮಾಪಕರು ಕಾಂಕ್ರೀಟ್ ಕಟ್ಟಡಕ್ಕೆ ಸಾಮಾನ್ಯವಾಗಿ 60 ವರ್ಷ ಆಯುಷ್ಯ ಹಿಡಿದು ವರ್ಷವರ್ಷ ಕಳೆಯುತ್ತಾ ಬರುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಪಾಲಿಗೆ ಬರುವ ನೆಲ, ಅಂದರೆ ಕ್ರಯಪತ್ರದಲ್ಲಿ ಬರೆದಿರುವ ಅವಿಭಜಿತ ಪಾಲು, ಮಹಡಿಗಳು ಹೆಚ್ಚಿದಷ್ಟೂ ಕಡಿಮೆ. ನಾಲ್ಕು ಅಂತಸ್ತಿನ ಹಳೆಯ ಕಟ್ಟಡದಲ್ಲಿ ಐನೂರು ಚದರಡಿ ನೆಲ ಸಿಕ್ಕಿದ್ದರೆ, ಮೂವತ್ತು ಅಂತಸ್ತಿನ ಗೋಪುರದಲ್ಲಿ ಅದರ ಅರ್ಧವೂ ಸಿಗಲಾರದು. ಹೀಗಾಗಿ ಒಂದೇ ಬೀದಿಯಲ್ಲಿ ಸೈಟಿನ ಬೆಲೆ ಮೂರು ಪಟ್ಟಾದ ಕಾಲದಲ್ಲಿ ಫ್ಲ್ಯಾಟಿನ ಬೆಲೆ ಒಂದೂವರೆ ಪಟ್ಟಾಗಿ ನಿಲ್ಲಬಹುದು. ಕ್ಲಬ್‌ಹೌಸ್, ಈಜುಕೊಳ ನೋಡಿ ಮನಸೋಲುವ ಮೊದಲು ಕ್ರಯಪತ್ರದ ಕರಡಿನಲ್ಲಿ ಆ ಒಂದು ಸಂಖ್ಯೆ ಹುಡುಕಿ.

ಈಗ ದೇವನಹಳ್ಳಿಗೆ ಹೋಗೋಣ. ಬೆಲೆ ಏರುವುದನ್ನೂ ನಿಲ್ಲುವುದನ್ನೂ ಕಲಿಯಲು ಕರ್ನಾಟಕದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅಲ್ಲಿ ವಿಮಾನ ನಿಲ್ದಾಣ ಬರುತ್ತದೆಂಬ ಸುದ್ದಿ ತೊಂಬತ್ತರ ದಶಕದಿಂದಲೇ ಇತ್ತು. 2005ರಲ್ಲಿ ಕೆಲಸ ಶುರುವಾದ ಮೇಲೆ ಸುತ್ತಲಿನ ಹಳ್ಳಿಗಳ ಹೊಲಗಳಲ್ಲಿ ಕಲ್ಲು ನೆಟ್ಟು ಲೇಔಟು ಮಾಡಿದರು. ಭಾನುವಾರ ಬಂತೆಂದರೆ ಬಸ್ಸು ಮಾಡಿ ಜನರನ್ನು ಕರೆದೊಯ್ದು ಊಟ ಹಾಕಿ ಸೈಟು ತೋರಿಸುತ್ತಿದ್ದರು. 2008ರ ಮೇ 24ರಂದು ನಿಲ್ದಾಣ ಶುರುವಾಯಿತು. ಅದೇ ಸೆಪ್ಟೆಂಬರಿನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕು ದಿವಾಳಿಯೆದ್ದಿತು, ಸಾಫ್ಟ್‌ವೇರ್ ಕಂಪನಿಗಳು ನೇಮಕಾತಿಯಲ್ಲಿ ಕೈ ಬಿಗಿಹಿಡಿದವು. ವಿಮಾನ ಹಾರುತ್ತಿತ್ತು, ಸೈಟು ಕೇಳುವವರಿರಲಿಲ್ಲ.

ಆಗ ಆದದ್ದು ಇಷ್ಟು. ನಿಲ್ದಾಣದಿಂದ ಬರಬೇಕಾದ ಲಾಭವನ್ನು ನಿಲ್ದಾಣ ಬರುವ ಮೊದಲೇ ಬೆಲೆಯೊಳಗೆ ಸೇರಿಸಿ ಮಾರಿಬಿಟ್ಟಿದ್ದರು. 2007ರಲ್ಲಿ ಕೊಂಡವರು ಮುಂದಿನ ಹಲವು ವರ್ಷಗಳ ಏರಿಕೆಗೆ ಮುಂಚಿತವಾಗಿಯೇ ದುಡ್ಡು ಕೊಟ್ಟಿದ್ದರು. ಆಮೇಲೆ ಐಟಿಐಆರ್ ಎಂಬ ಬೃಹತ್ ತಂತ್ರಜ್ಞಾನ ವಲಯದ ಘೋಷಣೆ ಬಂತು, ಬೆಲೆ ಮತ್ತೆ ಕುದುರಿತು, ಆ ಯೋಜನೆ ಕಾರ್ಯಗತವಾಗಲಿಲ್ಲ. ಉದ್ಯೋಗ ಆ ಕಡೆಗೆ ಗಟ್ಟಿಯಾಗಿ ಬರಲು ಇನ್ನೂ ಬಹಳ ವರ್ಷ ಹಿಡಿಯಿತು. ಇವತ್ತು ಅಲ್ಲಿ ಬೆಲೆ ಏರಿದೆ, ನಿಜ. ಆದರೆ 2007ರಲ್ಲಿ ಕೊಂಡವರ ಲಾಭ, ಅದೇ ಸೈಟನ್ನು ಐದಾರು ವರ್ಷ ತಡವಾಗಿ ಕೊಂಡವರ ಲಾಭಕ್ಕಿಂತ ಕಡಿಮೆಯೇ ಇರಬಹುದು, ವರ್ಷದ ಲೆಕ್ಕ ಹಾಕಿದರೆ. ಜಾಗ ಒಂದೇ; ಕೊಂಡ ಕಾಲ ಬೇರೆ.

ಘೋಷಣೆಯನ್ನು ನಂಬಿ ಕೊಳ್ಳುವವರಿಗೆ ಪೆರಿಫೆರಲ್ ರಿಂಗ್ ರಸ್ತೆಯ ಕಥೆ ಸಾಕು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅದಕ್ಕೆ ಅಧಿಸೂಚನೆ ಹೊರಡಿಸಿದ್ದು 2005 ಮತ್ತು 2007ರಲ್ಲಿ. ರಸ್ತೆಯ ಜಾಡಿನಲ್ಲಿದ್ದ ರೈತರು ಮಾರಲಾರದೆ, ಕಟ್ಟಲಾರದೆ, ಪರಿಹಾರವೂ ಕೈಗೆ ಬಾರದೆ ವರ್ಷಗಳನ್ನು ಕಳೆದರು. ಈಗ ಅದರ ಹೆಸರು ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂದಾಗಿದೆ. ಇದನ್ನು ಹೇಳುವಾಗ ನನ್ನ ಮನಸ್ಸಿಗೆ ಬರುವ ಇನ್ನೊಂದು ಸಂಗತಿಯನ್ನು ಬಿಡಲಾರೆ. ನಾವು ಹೂಡಿಕೆ ಎನ್ನುವ ನೆಲ ಇನ್ನೊಬ್ಬರ ಹೊಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆಯ ಸ್ವಾಧೀನವನ್ನು ವಿರೋಧಿಸಿ ಮೂರು ವರ್ಷಕ್ಕೂ ಮೇಲೆ ಹೋರಾಟ ಮಾಡಿದರು, 2025ರ ಜುಲೈಯಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ದಲ್ಲಾಳಿ ತೋರಿಸುವ ನಕ್ಷೆಯಲ್ಲಿ ಈ ಜನ ಕಾಣುವುದಿಲ್ಲ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ನಮ್ಮಲ್ಲಿ ಆಸ್ತಿಯ ಬೆಲೆ ಇಳಿಯುವುದು ಕಣ್ಣಿಗೆ ಕಾಣುವುದಿಲ್ಲ. ಷೇರು ಬಿದ್ದರೆ ಮರುದಿನದ ಪತ್ರಿಕೆಯಲ್ಲಿ ಅಂಕಿ ಬರುತ್ತದೆ. ಸೈಟಿನ ಮಾಲೀಕ ಮಾತ್ರ ತಾನು ಮನಸ್ಸಿನಲ್ಲಿಟ್ಟುಕೊಂಡ ಬೆಲೆಯಿಂದ ಕೆಳಗಿಳಿಯುವುದಿಲ್ಲ. ಆ ಬೆಲೆಗೆ ಯಾರೂ ಬರುವುದಿಲ್ಲ. "ಮಾರಾಟಕ್ಕಿದೆ" ಎಂಬ ಬೋರ್ಡು ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ. ಕೇಳಿದರೆ "ರೇಟು ಹಾಗೇ ಇದೆ" ಎನ್ನುತ್ತಾನೆ. ಬಿಲ್ಡರ್ ಕೂಡ ಚದರಡಿ ದರವನ್ನು ಬಹಿರಂಗವಾಗಿ ಇಳಿಸುವುದಿಲ್ಲ, ಇಳಿಸಿದರೆ ಆಗಲೇ ಕೊಂಡವರು ಜಗಳಕ್ಕೆ ಬರುತ್ತಾರೆ. ಬದಲಿಗೆ ಕಾರ್ ಪಾರ್ಕಿಂಗ್ ಉಚಿತ, ಮಾಡ್ಯುಲರ್ ಕಿಚನ್ ಉಚಿತ, ನೋಂದಣಿ ಖರ್ಚು ನಮ್ಮದು ಎನ್ನುತ್ತಾನೆ. ಮನೆ ಕೈಗೆ ಬರುವವರೆಗೆ ಕಂತು ನಾವೇ ಕಟ್ಟುತ್ತೇವೆ ಎಂಬ ಯೋಜನೆಗಳೂ ಬಂದವು. ಬಿಲ್ಡರ್ ಕಂತು ನಿಲ್ಲಿಸಿದ ದಿನ ಬ್ಯಾಂಕು ಹಿಡಿಯುವುದು ಸಾಲಗಾರನನ್ನೇ. ರಿಸರ್ವ್ ಬ್ಯಾಂಕು 2013ರಲ್ಲಿ, ರಾಷ್ಟ್ರೀಯ ವಸತಿ ಬ್ಯಾಂಕು 2019ರಲ್ಲಿ ಇಂಥ ಸಾಲಗಳ ವಿರುದ್ಧ ಸಾಲ ಕೊಡುವ ಸಂಸ್ಥೆಗಳಿಗೆ ಸೂಚನೆ ಕೊಡಬೇಕಾಯಿತು. ಇಷ್ಟೆಲ್ಲ ಕೊಡುಗೆಗಳು ಜಾಹೀರಾತಿನಲ್ಲಿ ಕಂಡರೆ ಬೆಲೆ ಇಳಿದಿದೆ ಎಂದೇ ತಿಳಿಯಿರಿ.

ಬೆಂಗಳೂರಿನ ಅಪಾರ್ಟ್‌ಮೆಂಟು ಮಾರುಕಟ್ಟೆ 2014ರ ಸುಮಾರಿನಿಂದ 2020ರವರೆಗೆ ಬಹುಮಟ್ಟಿಗೆ ಹೀಗೇ ಕುಂಟುತ್ತಿತ್ತು. 2016ರ ನವೆಂಬರ್ 8ರ ನೋಟು ರದ್ದತಿಯಿಂದ ನಗದಿನ ವ್ಯವಹಾರ ನಿಂತಿತು. 2017ರಲ್ಲಿ ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯಿದೆ ಜಾರಿಗೆ ಬಂತು, ಅದರ ಬೆನ್ನಿಗೇ ಜಿಎಸ್‌ಟಿ. ರೇರಾ ಬಂದದ್ದು ಕೊಳ್ಳುವವರಿಗೆ ದೊಡ್ಡ ಉಪಕಾರ: ಗಿರಾಕಿಗಳಿಂದ ಪಡೆದ ಹಣದಲ್ಲಿ ಶೇಕಡಾ 70ನ್ನು ಅದೇ ಯೋಜನೆಯ ಪ್ರತ್ಯೇಕ ಖಾತೆಯಲ್ಲಿಡಬೇಕೆಂದು ಅದು ಕಟ್ಟುಮಾಡಿತು. 2018ರಲ್ಲಿ ಐಎಲ್ ಆಂಡ್ ಎಫ್‌ಎಸ್ ಎಂಬ ಹಣಕಾಸು ಸಂಸ್ಥೆ ಸಾಲ ತೀರಿಸಲಾಗದೆ ಬಿದ್ದಾಗ ಬಿಲ್ಡರ್‌ಗಳಿಗೆ ಹಣ ಸಿಗುವ ದಾರಿ ಬಿಗಿಯಾಯಿತು. ದೆಹಲಿ ಪಕ್ಕದ ನೊಯ್ಡಾದವರ ಪಾಡು ಇನ್ನೂ ಕಷ್ಟ. ಅಲ್ಲಿ ಆಮ್ರಪಾಲಿ ಎಂಬ ಬಿಲ್ಡರ್ ಸಮೂಹದ ಯೋಜನೆಗಳಿಗೆ ದುಡ್ಡು ಕಟ್ಟಿದ ಸಾವಿರಾರು ಕುಟುಂಬಗಳು ಬಾಡಿಗೆಯನ್ನೂ ಕಂತನ್ನೂ ಒಟ್ಟಿಗೇ ಕಟ್ಟುತ್ತಾ ಕಾದವು. ಕೊನೆಗೆ 2019ರಲ್ಲಿ ಸುಪ್ರೀಂ ಕೋರ್ಟು ಮಧ್ಯೆ ಬಂದು ಕಟ್ಟಡ ಮುಗಿಸುವ ಕೆಲಸವನ್ನು ಸರ್ಕಾರಿ ಸಂಸ್ಥೆ ಎನ್‌ಬಿಸಿಸಿಗೆ ವಹಿಸಿತು.

ಬೆಲೆ ನಿಂತರೆ ನಷ್ಟವೇನು ಎಂದು ಕೇಳುತ್ತೀರಿ. ಒಂದು ಲೆಕ್ಕ ಹಾಕೋಣ. ಬಾಡಿಗೆಗೆ ಕೊಡುವುದಕ್ಕೆಂದು 60 ಲಕ್ಷದ ಫ್ಲ್ಯಾಟು ಕೊಂಡಿರಿ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, 2025ರ ಆಗಸ್ಟ್ 31ರಿಂದ ದುಪ್ಪಟ್ಟಾದ ನೋಂದಣಿ ಶುಲ್ಕ ಎಲ್ಲ ಸೇರಿ ನಗರದಲ್ಲಿ ಶೇಕಡಾ 7.6, ಅಂದರೆ ಬೀಗದಕೈ ಸಿಗುವ ಮೊದಲೇ ನಾಲ್ಕೂವರೆ ಲಕ್ಷ ಹೋಯಿತು. ಕೈಯಿಂದ 12 ಲಕ್ಷ ಹಾಕಿ 48 ಲಕ್ಷವನ್ನು ಶೇಕಡಾ 8.5ರಂತೆ ಇಪ್ಪತ್ತು ವರ್ಷದ ಸಾಲ ತೆಗೆದರೆ ತಿಂಗಳ ಕಂತು ಸುಮಾರು 41,650 ರೂಪಾಯಿ. ಐದು ವರ್ಷಕ್ಕೆ 25 ಲಕ್ಷ ಕಟ್ಟುತ್ತೀರಿ. ಅದರಲ್ಲಿ ಅಸಲಿಗೆ ಹೋಗುವುದು 6 ಲಕ್ಷಕ್ಕೂ ಕಡಿಮೆ, ಉಳಿದ 19 ಲಕ್ಷಕ್ಕೂ ಮೇಲೆ ಬಡ್ಡಿ. ನಮ್ಮ ನಗರಗಳಲ್ಲಿ ಮನೆಯ ಬೆಲೆಯ ಶೇಕಡಾ 3ರಷ್ಟು ಬಾಡಿಗೆ ಬಂದರೆ ಸಾಧಾರಣ ಎನ್ನಬಹುದು, ತಿಂಗಳಿಗೆ 15,000. ಆರು ವರ್ಷ ಆ ಫ್ಲ್ಯಾಟಿನ ಬೆಲೆ 60 ಲಕ್ಷದಲ್ಲೇ ನಿಂತು, ಉಳಿದ ಸಾಮಾನುಗಳ ಬೆಲೆ ವರ್ಷಕ್ಕೆ ಶೇಕಡಾ 5ರಂತೆ ಏರಿದರೆ, ಇವತ್ತಿನ ದುಡ್ಡಿನಲ್ಲಿ ಅದರ ಬೆಲೆ 45 ಲಕ್ಷದಷ್ಟು. ಕಾಗದದ ಮೇಲೆ ಒಂದು ರೂಪಾಯಿಯೂ ಇಳಿದಿಲ್ಲ, ಕಾಲುಭಾಗ ಕರಗಿದೆ. ಇನ್ನು ನಿಜವಾಗಿಯೇ ಶೇಕಡಾ 10 ಇಳಿಯಿತೆನ್ನಿ. 6 ಲಕ್ಷ ಹೋಯಿತು. ಸಾಲದಲ್ಲಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲವಾದ್ದರಿಂದ ನೀವು ಕೈಯಿಂದ ಹಾಕಿದ 12 ಲಕ್ಷದಲ್ಲಿ ಅರ್ಧ ಹೋದಂತೆ. ಏರುವಾಗಲೂ ಸಾಲ ಹೀಗೇ ಲಾಭವನ್ನು ದೊಡ್ಡದು ಮಾಡಿ ತೋರಿಸುತ್ತದೆ, ಜನ ಮರುಳಾಗುವುದು ಅದಕ್ಕೇ.

ಈ ಲೆಕ್ಕ ಸ್ವಂತ ವಾಸಕ್ಕೆ ಮನೆ ಕೊಳ್ಳುವವರಿಗಲ್ಲ. ಅವರಿಗೆ ಬಾಡಿಗೆ ಉಳಿಯುತ್ತದೆ, ಮಾಲೀಕ ಖಾಲಿ ಮಾಡಿಸುವ ಭಯ ಇರುವುದಿಲ್ಲ, ಮಕ್ಕಳ ಶಾಲೆ ಬದಲಾಗುವುದಿಲ್ಲ. ಆ ನೆಮ್ಮದಿಗೆ ನಾನು ಬೆಲೆ ಕಟ್ಟಲು ಹೋಗುವುದಿಲ್ಲ.

ಬಡ್ಡಿ ಏರಿದರೆ ಮನೆಯ ಬೆಲೆ ಇಳಿಯುತ್ತದೆ ಎಂದು ಪುಸ್ತಕಗಳಲ್ಲಿದೆ. ಯಾವಾಗಲೂ ಹಾಗಾಗುವುದಿಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯಾದ ರೆಪೊ ದರವನ್ನು ಶೇಕಡಾ 4ರಿಂದ 6.5ಕ್ಕೆ ಏರಿಸಿತು. ಇಪ್ಪತ್ತು ವರ್ಷದ ಸಾಲದಲ್ಲಿ ಶೇಕಡಾ 6.75 ಬಡ್ಡಿಗೆ ಲಕ್ಷಕ್ಕೆ 760 ರೂಪಾಯಿ ಇರುವ ಕಂತು, 9.25 ಬಡ್ಡಿಗೆ 916 ಆಗುತ್ತದೆ. ಆದರೂ ಬೆಂಗಳೂರಿನಲ್ಲಿ ಅದೇ ಕಾಲದಲ್ಲಿ ಬೆಲೆ ಏರಿತು. ಕೋವಿಡ್ಡಿನಲ್ಲಿ ಊರಿಗೆ ಹೋಗಿದ್ದವರು ಕಚೇರಿಗೆ ಮರಳಿದರು, ಖಾಲಿ ಬಿದ್ದಿದ್ದ ಪಿಜಿಗಳು ತುಂಬಿದವು, ಬಾಡಿಗೆ ಜಿಗಿಯಿತು. ಆರು ವರ್ಷ ಕೊಳ್ಳದೆ ಕಾದಿದ್ದವರು ಒಟ್ಟಿಗೇ ಬಂದರು, ಆ ಮಂದಗತಿಯಲ್ಲಿ ಹೊಸ ಕಟ್ಟಡಗಳನ್ನು ಕಡಿಮೆ ಕಟ್ಟಿದ್ದರಿಂದ ಮಾರಲು ಮನೆಗಳೂ ಕಡಿಮೆಯಿದ್ದವು. ನಿಂತ ವರ್ಷಗಳೇ ಮುಂದಿನ ಏರಿಕೆಗೆ ಕಾರಣವಾದವು. ಈಗಿನ ಏರಿಕೆಯಲ್ಲಿ ಎದ್ದು ನಿಲ್ಲುತ್ತಿರುವ ಗೋಪುರಗಳೆಲ್ಲ ತುಂಬುತ್ತವೆಯೇ ಎಂಬುದನ್ನು ಹೊಸಬರು ಈಗಲೇ ಯೋಚಿಸಬೇಕು.

ನೀರಿನ ಮಾತು ಆಡದೆ ಬೆಂಗಳೂರಿನ ಬೆಲೆಯ ಮಾತು ಮುಗಿಯದು. 2022ರ ಸೆಪ್ಟೆಂಬರಿನ ಮಳೆಗೆ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಸುತ್ತ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳೊಳಗೆ ನೀರು ನುಗ್ಗಿ, ಜನ ಟ್ರ್ಯಾಕ್ಟರಿನಲ್ಲಿ ಹೊರಬಂದರು. 2024ರ ಬೇಸಿಗೆಯಲ್ಲಿ ಅದೇ ನಗರದಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಸಾಲು ನಿಂತರು. ಆ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಶುರುವಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳ ಪ್ರದೇಶಕ್ಕೆ ಕೊಳಾಯಿ ನೀರಿನ ದಾರಿಯಾಯಿತು. ರಾಜಕಾಲುವೆ ಎಲ್ಲಿ ಹರಿಯುತ್ತದೆ, ಮನೆಗೆ ಕಾವೇರಿ ಸಂಪರ್ಕ ಇದೆಯೇ ಎಂಬ ಎರಡು ಪ್ರಶ್ನೆ ಕೇಳದೆ ಅಡ್ವಾನ್ಸ್ ಕೊಡಬೇಡಿ. ಕಾಗದಪತ್ರದ್ದೂ ಹೀಗೆಯೇ. ಋಣಭಾರ ಪತ್ರ, ಖಾತೆ, ನಕ್ಷೆ ಮಂಜೂರಾತಿ, ಓ.ಸಿ. ಎನ್ನುವ ಸ್ವಾಧೀನಾನುಭವ ಪತ್ರ, ಇವುಗಳಲ್ಲಿ ಒಂದಿಲ್ಲದಿದ್ದರೂ ಬ್ಯಾಂಕು ಹಿಂದೇಟು ಹಾಕುತ್ತದೆ. ಬ್ಯಾಂಕಿನ ಸಾಲ ಸಿಗದ ಆಸ್ತಿಯನ್ನು ಪೂರ್ತಿ ನಗದು ಕೊಡಬಲ್ಲವರಿಗೆ ಮಾತ್ರ ಮಾರಲು ಸಾಧ್ಯ, ಅವರು ಕೇಳಿದ ಬೆಲೆಗೆ.

ಒಂದು ಬಡಾವಣೆಯ ನಿಜವಾದ ಬೆಲೆ ತಿಳಿಯುವುದು ಹೇಗೆ? ಜಾಹೀರಾತಿನಲ್ಲಿ ಇರುವುದು ಕೇಳುವ ಬೆಲೆ. ಮಾರ್ಗಸೂಚಿ ಬೆಲೆ ಸರ್ಕಾರ ಶುಲ್ಕ ವಸೂಲಿಗೆ ಗೊತ್ತು ಮಾಡಿದ್ದು, ಅದು ಮಾರುಕಟ್ಟೆಯ ಹಿಂದೆ ಹಿಂದೆ ನಡೆಯುತ್ತದೆ. ನಾನು ಹೆಚ್ಚು ನಂಬುವುದು ಬಾಡಿಗೆಯನ್ನು. ಬಾಡಿಗೆ ಕೊಡುವವನು ಇವತ್ತು ಆ ಮನೆ ತನಗೆ ಎಷ್ಟು ಬೇಕು ಎಂಬುದಕ್ಕೆ ಈ ತಿಂಗಳ ಸಂಬಳದಿಂದ ಕೊಡುತ್ತಾನೆ, ನಾಳೆಯ ಆಸೆಗೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಒಂದು ಪ್ರದೇಶದಲ್ಲಿ ಬಾಡಿಗೆ ಅಲ್ಲಾಡದೆ ಮಾರಾಟದ ಬೆಲೆ ಮಾತ್ರ ಮೂರು ವರ್ಷ ಜಿಗಿದಿದ್ದರೆ ಅಲ್ಲಿ ಕೊಂಡವರೆಲ್ಲ ಇನ್ನೊಬ್ಬರಿಗೆ ಮಾರಲೆಂದೇ ಕೊಂಡವರು. ಮಾರುವ ದಿನ ಅವರೆಲ್ಲ ನಿಮ್ಮ ಪಕ್ಕದಲ್ಲೇ ಬೋರ್ಡು ಹಾಕಿಕೊಂಡು ನಿಂತಿರುತ್ತಾರೆ.

ಕೊನೆಯದಾಗಿ ತೆರಿಗೆಯ ವಿಷಯ, ಇದು ಹೊಸಬರಿಗೆ ನೇರವಾಗಿ ತಟ್ಟುವುದು. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಆಸ್ತಿ ಮಾರಿದರೆ ಬರುವ ಲಾಭ ದೀರ್ಘಾವಧಿಯದು. ಹಿಂದೆ, ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ, ಉಳಿದ ಲಾಭಕ್ಕೆ ಮಾತ್ರ ಶೇಕಡಾ 20 ತೆರಿಗೆ ಇತ್ತು. 2001-02ರ ನೂರು ರೂಪಾಯಿಯನ್ನು 2024-25ಕ್ಕೆ 363 ಎಂದು ಸರ್ಕಾರವೇ ಲೆಕ್ಕ ಹಿಡಿಯುತ್ತಿತ್ತು. 2024ರ ಜುಲೈ 23ರಿಂದ ದರ ಶೇಕಡಾ 12.5ಕ್ಕೆ ಇಳಿದು, ಹಣದುಬ್ಬರದ ಆ ರಿಯಾಯಿತಿ ಹೋಯಿತು. ಅದಕ್ಕೆ ಮೊದಲೇ ಕೊಂಡಿರುವ, ದೇಶದಲ್ಲೇ ವಾಸವಿರುವ ವ್ಯಕ್ತಿಗಳು ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಈಗ ಕೊಳ್ಳುವವರಿಗೆ ಆ ಆಯ್ಕೆ ಇಲ್ಲ. ಮೇಲೆ ಹೇಳಿದ ಅದೇ 60 ಲಕ್ಷದ ಫ್ಲ್ಯಾಟು ಹತ್ತು ವರ್ಷದಲ್ಲಿ 98 ಲಕ್ಷಕ್ಕೆ ಹೋಯಿತೆನ್ನಿ. ಬೆಲೆಯೇರಿಕೆ ವರ್ಷಕ್ಕೆ ಶೇಕಡಾ 5 ಇದ್ದರೆ ಇದರಲ್ಲಿ ನಿಜವಾದ ಲಾಭ ಇಲ್ಲವೇ ಇಲ್ಲ. ತೆರಿಗೆಯ ಕಣ್ಣಿಗೆ ಮಾತ್ರ, ನೋಂದಣಿ ಖರ್ಚು ಕಳೆದ ಮೇಲೂ, 33 ಲಕ್ಷದಷ್ಟು ಲಾಭ ಕಾಣುತ್ತದೆ, ಅದಕ್ಕೆ 4 ಲಕ್ಷಕ್ಕೂ ಹೆಚ್ಚು ತೆರಿಗೆ ಬೀಳುತ್ತದೆ. ಆ ಹಣದಿಂದ ಇನ್ನೊಂದು ಮನೆ ಕೊಂಡರೆ ವಿನಾಯಿತಿಗೆ ದಾರಿಯಿದೆ. ಮಗಳ ಓದಿಗೋ ಅಪ್ಪನ ಆಸ್ಪತ್ರೆ ಖರ್ಚಿಗೋ ಮಾರಿದವರಿಗೆ ಆ ದಾರಿ ಉಪಯೋಗಕ್ಕೆ ಬಾರದು. ಅಡ್ವಾನ್ಸ್ ಕೊಡುವ ಮೊದಲೇ ಈ ನಾಲ್ಕು ಲಕ್ಷವನ್ನೂ ನಿಮ್ಮ ಲೆಕ್ಕದ ಹಾಳೆಯಲ್ಲಿ ಬರೆದುಕೊಳ್ಳಿ.